ಅರಿಷಿಣ ಹಚ್ಚಿದ ಕಾರ್ಡು

ಕಲಘಟಗಿ
೩೦ ಮೇ ೧೯೭೪, ಗುರುವಾರ

ಚಿ. ಹೊಳೆಯಪ್ಪನಿಗೆ ಆಶೀರ್ವಾದಗಳು.

ನಿಮ್ಮ ಕುರಿಹಿಂಡು ತಂಬೂರು ಊರು ಬಿಟ್ಟು ಹೋಗಿದೆ ಎಂದು ನಿನ್ನ ಅಕ್ಕ ಮೈಲಾರವ್ವ ನಿನ್ನೆ ಸಾಲೆಗೆ ಬಂದು ಹೇಳಿದಳು. ನಮ್ಮ ಕಡೆಯ ಮಳೆ ಕುರಿಗಳ ಕಾಲಿಗೆ ಆಗಿಬರುವುದಿಲ್ಲವೆಂದೂ, ಮಳೆಗಾಲ ಮುಗಿಯುವವರೆಗೆ ನೀವು ಅಣ್ಣಿಗೇರಿಯ ಕಪ್ಪುಮಣ್ಣಿನ ಎರಿಹೊಲಗಳಲ್ಲೇ ಇರುತ್ತೀರೆಂದೂ ತಿಳಿಯಿತು. ವಿಳಾಸ ಅವಳೇ ಕೊಟ್ಟಳು. ಹಜರತಅಲಿಯವರ ಚಹಾದಂಗಡಿಗೆ ಬಂದ ಪತ್ರ ನಿನಗೆ ಸಂತೆಯ ದಿನ ಸಿಗುತ್ತದಂತೆ. ರೈಲು ಮುಷ್ಕರ ಮುಗಿದಿದ್ದರೂ ಟಪಾಲು ಇನ್ನೂ ಸರಿಹೋಗಿಲ್ಲ. ಆದ್ದರಿಂದ ಉತ್ತರವನ್ನು ತಡಮಾಡಬೇಡ.

ಎಸ್.ಎಸ್.ಎಲ್.ಸಿ. ಫಲಿತಾಂಶ ಜೂನ್ ಮಧ್ಯದಲ್ಲಿ ಬರಬಹುದು. ನೀನು ಪಾಸಾಗುವ ಬಗ್ಗೆ ನನಗೆ ಸಂದೇಹವಿಲ್ಲ. ಸಂದೇಹವಿರುವುದು ಅದರ ಮುಂದಿನ ತಿಂಗಳ ಬಗ್ಗೆ. ಧಾರವಾಡದಲ್ಲಿ ಪಿ.ಯು.ಸಿ.ಗೆ ಸೀಟು ಸಿಕ್ಕರೂ ಇರಲು ಜಾಗವಿಲ್ಲದಿದ್ದರೆ ಪ್ರಯೋಜನವಿಲ್ಲ. ಅಲ್ಲಿನ ಒಂದು ವಿದ್ಯಾರ್ಥಿನಿಲಯದಲ್ಲಿ ನಿನ್ನಂಥ ಹುಡುಗರಿಗೆ ಊಟ, ವಸತಿ ಕೊಡುತ್ತಾರೆ. ಜಾಗಗಳು ಕಡಿಮೆ. ಎಪ್ರಿಲ್‌ನಲ್ಲಿ ನೀನು ಸಹಿ ಮಾಡಿಟ್ಟು ಹೋದ ಅರ್ಜಿಗಳು ನನ್ನ ಟ್ರಂಕಿನಲ್ಲಿವೆ. ಫಲಿತಾಂಶಕ್ಕೆ ಕಾಯದೆ ಈಗಲೇ ಒಯ್ದು ಕೊಡಬೇಕೆಂದಿದ್ದೇನೆ.

ನನಗೆ ತಿಳಿಯಬೇಕಾದದ್ದು ಎರಡು. ವಿಜ್ಞಾನ ತೆಗೆದುಕೊಳ್ಳಲು ನೀನು ಸಿದ್ಧನಿದ್ದೀಯಾ? ದನದ ಡಾಕ್ಟರಾಗಲು ಏನು ಓದಬೇಕು ಎಂದು ಒಮ್ಮೆ ಕೇಳಿದ್ದೆ. ಅದರ ದಾರಿಯೂ ವಿಜ್ಞಾನದಿಂದಲೇ. ಇನ್ನೊಂದು, ನಿನ್ನ ತಂದೆಯವರಿಗೆ ಹೇಳಿದ್ದೀಯಾ? ಎರಡನೆಯದಕ್ಕೆ ಸ್ಪಷ್ಟ ಉತ್ತರ ಬರಲಿ.

ಶಂಭುಲಿಂಗಪ್ಪ


ಅಣ್ಣಿಗೇರಿ
೯ ಜೂನ್ ೧೯೭೪

ಗುರುಗಳಿಗೆ ಹೊಳೆಯಪ್ಪನ ನಮಸ್ಕಾರಗಳು.

ಪತ್ರ ಇಂದು ಮುಟ್ಟಿತು. ಕಾರ್ಡಿನಲ್ಲಿ ಬರೆಯುತ್ತಿರುವುದಕ್ಕೆ ಕ್ಷಮಿಸಿರಿ. ಹಜರತಅಲಿ ಕಾಕಾನ ಅಂಗಡಿಯಲ್ಲಿ ಕಾರ್ಡು ಮಾತ್ರ ಸಿಗುತ್ತವೆ. ನಾವೆಲ್ಲ ಕ್ಷೇಮ. ಇಲ್ಲಿ ಹಿಂಗಾರಿ ಬಿತ್ತುವ ಹೊಲಗಳು ಈಗ ಖಾಲಿ ಇವೆ. ಒಬ್ಬರಾದ ಮೇಲೆ ಒಬ್ಬರು ಗೊಬ್ಬರಕ್ಕೆಂದು ತಮ್ಮ ಹೊಲದಲ್ಲಿ ಕುರಿ ನಿಲ್ಲಿಸಲು ಕರೆಯುತ್ತಾರೆ. ಮುಂದಾಳು ಟಗರಿಗೆ ಅಪ್ಪ ಹೊಸ ಗಂಟೆ ಕಟ್ಟಿಸಿದ್ದಾನೆ. ಹಳೆಯದಕ್ಕಿಂತ ಸಪ್ಪಳ ದೊಡ್ಡದು. ವಿಜ್ಞಾನವೇ ಆಗಲಿ. ಅಪ್ಪನಿಗೆ ಸಮಯ ನೋಡಿ ಹೇಳುತ್ತೇನೆ.

ನಿಮ್ಮ ವಿಧೇಯ
ಹೊಳೆಯಪ್ಪ


ಕಲಘಟಗಿ
೧೪ ಜೂನ್ ೧೯೭೪

ಚಿ. ಹೊಳೆಯಪ್ಪನಿಗೆ,

ನಾನು ಕೇಳಿದ್ದು ಗಂಟೆಯ ಸುದ್ದಿಯಲ್ಲ. ಪರೀಕ್ಷೆ ಮುಗಿದು ಎರಡು ತಿಂಗಳಾದರೂ ತಂದೆಗೆ ಹೇಳಲು ನಿನಗೆ ಸಮಯ ಸಿಕ್ಕಿಲ್ಲ ಎಂದರೆ ಏನು ತಿಳಿದುಕೊಳ್ಳಲಿ?

ಬುಧವಾರ ಧಾರವಾಡಕ್ಕೆ ಹೋಗಿ ಎರಡೂ ಅರ್ಜಿ ಕೊಟ್ಟು ಬಂದೆ. ಕಾಲೇಜಿನಲ್ಲಿ ಕಷ್ಟವಾಗಲಿಲ್ಲ. ವಿದ್ಯಾರ್ಥಿನಿಲಯದ ವ್ಯವಸ್ಥಾಪಕರು ಮಾತ್ರ ನನ್ನನ್ನು ಬಹಳ ಹೊತ್ತು ಕೂಡ್ರಿಸಿಕೊಂಡರು. ಹಿಂದಿನ ವರ್ಷ ಕುರಿ ಕಾಯುವವರ ಇಬ್ಬರು ಹುಡುಗರನ್ನು ಸೇರಿಸಿಕೊಂಡಿದ್ದರಂತೆ. ದೀಪಾವಳಿಗೆ ಮೊದಲೇ ತಂದೆಯಂದಿರು ಬಂದು, ಹಿಂಡಿಗೆ ಆಳಿಲ್ಲ ಎಂದು ಕರೆದುಕೊಂಡು ಹೋದರಂತೆ. ಆ ಜಾಗಗಳು ವರ್ಷವಿಡೀ ಖಾಲಿ ಉಳಿದವು. ಹೀಗಾಗಿ ಈ ಸಲ ತಂದೆಯ ಒಪ್ಪಿಗೆ ಇಲ್ಲದವರ ಅರ್ಜಿ ಇಟ್ಟುಕೊಳ್ಳುವುದೇ ಇಲ್ಲ ಎಂದರು. ಅವರಿಗೆ ಸಮಾಧಾನವಾಗುವಂಥ ಉತ್ತರ ಕೊಟ್ಟು ಬಂದಿದ್ದೇನೆ. ಸಂದರ್ಶನಕ್ಕೆ ತಂದೆ ಜೊತೆಯಲ್ಲೇ ಬರಬೇಕು. ದಿನ ಗೊತ್ತಾದ ಕೂಡಲೇ ತಿಳಿಸುತ್ತೇನೆ.

ಇಂಗ್ಲಿಷ್ ಪುಸ್ತಕ ಒಯ್ದಿದ್ದೀಯಷ್ಟೇ? ಕಾಲೇಜಿನಲ್ಲಿ ವಿಜ್ಞಾನವನ್ನು ಇಂಗ್ಲಿಷಿನಲ್ಲೇ ಹೇಳುತ್ತಾರೆ. ಕುರಿ ಮೇಯುವಾಗ ದಿನಕ್ಕೊಂದು ಪುಟವನ್ನಾದರೂ ಗಟ್ಟಿಯಾಗಿ ಓದು. ಕೇಳಿ ನಗುವವರು ಅಲ್ಲಿ ಯಾರೂ ಇಲ್ಲ.

ಶಂಭುಲಿಂಗಪ್ಪ


ಕಲಘಟಗಿ
೧೮ ಜೂನ್ ೧೯೭೪

ಹೊಳೆಯಪ್ಪಾ,

ಪ್ರಥಮ ದರ್ಜೆ. ನಮ್ಮ ಸಾಲೆಗೆ ನೀನೇ ಮೊದಲು. ಮನೆಯವರಿಗೆ ಹೇಳಿದ ಕೂಡಲೇ, ಇಂಥ ಸುದ್ದಿಯನ್ನು ಬರಿ ಕಾರ್ಡಿನಲ್ಲಿ ಕಳಿಸುತ್ತಾರೆಯೇ ಎಂದು ನಾಲ್ಕೂ ಮೂಲೆಗೆ ಅರಿಷಿಣ ಹಚ್ಚಿ ಕೊಟ್ಟರು. ಸಂದರ್ಶನ ಜುಲೈ ೧೧, ಗುರುವಾರ, ಬೆಳಿಗ್ಗೆ, ಧಾರವಾಡದಲ್ಲಿ. ತಂದೆಯವರೊಡನೆ ಬಾ. ನಾನು ಬಸ್‌ಸ್ಟ್ಯಾಂಡಿನಲ್ಲಿ ಕಾದಿರುತ್ತೇನೆ.

ಶಂಭುಲಿಂಗಪ್ಪ


ಅಣ್ಣಿಗೇರಿ
೨೩ ಜೂನ್ ೧೯೭೪

ಗುರುಗಳಿಗೆ ನಮಸ್ಕಾರಗಳು.

ಕಾರ್ಡು ಮುಟ್ಟಿತು. ನಿಮ್ಮ ಉಪಕಾರ ಮರೆಯುವುದಿಲ್ಲ. ನನಗೆ ಬರಲು ಆಗುವುದಿಲ್ಲ. ನನ್ನ ಜಾಗವನ್ನು ಬೇರೆ ಹುಡುಗನಿಗೆ ಕೊಡಿಸಿರಿ. ಇನ್ನು ಮುಂದೆ ದಯವಿಟ್ಟು ಕಾರ್ಡಿಗೆ ಅರಿಷಿಣ ಹಚ್ಚಬೇಡಿರಿ.

ಹೊಳೆಯಪ್ಪ


ಕಲಘಟಗಿ
೨೬ ಜೂನ್ ೧೯೭೪

ಹೊಳೆಯಪ್ಪನಿಗೆ,

ನಿನ್ನ ಕಾರ್ಡು ಬಂತು. ಮೊದಲು ನೀನು ಇಂಗ್ಲಿಷಿಗೆ ಹೆದರಿದ್ದೀ ಎಂದುಕೊಂಡೆ. ನಿನ್ನೆ ಇಲ್ಲಿಯ ಸಂತೆಯಲ್ಲಿ ತಂಬೂರಿನವರು ಸಿಕ್ಕರು. ನಿನ್ನ ತಂದೆ ಕರಿಸಿದ್ದಪ್ಪ ಮಗನ ಮದುವೆ ಗೊತ್ತುಮಾಡಿದ್ದಾನೆ, ಲಗ್ನದ ಕಾರ್ಡು ಅಣ್ಣಿಗೇರಿಯವರೆಗೆ ಬಂದು ಮುಟ್ಟಿದೆ, ಕಣ್ಣಾರೆ ಕಂಡವರಿದ್ದಾರೆ ಎಂದರು. ಹೆಣ್ಣು ಯಾವ ಊರಿನದು ಎಂದು ನನ್ನನ್ನೇ ಕೇಳಿದರು.

ಹಾಗಾದರೆ ವಿಷಯ ಇದು. ಹದಿನೇಳರಲ್ಲಿ ಮದುವೆಯಾಗುವವನು ಎಪ್ರಿಲ್‌ನಲ್ಲಿ ನನ್ನ ಎದುರು ಕುಳಿತು ಯಾಕೆ ಅರ್ಜಿ ತುಂಬಿದ? ಆಗುವುದಿಲ್ಲ ಎಂಬ ಮಾತನ್ನು ಅಂದೇ ಹೇಳಿದ್ದರೆ ನಾನು ಧಾರವಾಡದಲ್ಲಿ ಒಬ್ಬ ದೊಡ್ಡ ಮನುಷ್ಯರ ಮುಂದೆ ನನ್ನ ಮಾತನ್ನು ಒತ್ತೆಯಿಟ್ಟು ಬರುತ್ತಿರಲಿಲ್ಲ. ನಿನ್ನ ಹಿಂದಿನ ಬೆಂಚಿನಲ್ಲಿ ಕೂಡುತ್ತಿದ್ದವರು ಎರಡನೆಯ ದರ್ಜೆ ಪಡೆದು, ಸೀಟಿಗಾಗಿ ಧಾರವಾಡದಲ್ಲಿ ಬಾಗಿಲಿಂದ ಬಾಗಿಲಿಗೆ ತಿರುಗುತ್ತಿದ್ದಾರೆ. ನಿನಗೆ ಬಾಗಿಲು ತೆರೆದಿದೆ, ನೀನು ಮುಖ ತಿರುಗಿಸುತ್ತೀ.

ಅರಿಷಿಣ ಹಚ್ಚಬೇಡಿರಿ ಎಂದು ಬರೆದಿದ್ದೀ. ಆಗಲಿ. ಇನ್ನು ಹಚ್ಚುವ ಕಾರಣವೂ ಇಲ್ಲ. ಹೆಸರು ತೆಗೆಸಲು ಮುಂದಿನ ವಾರ ಧಾರವಾಡಕ್ಕೆ ಹೋಗುತ್ತೇನೆ. ಅದಕ್ಕೆ ಮೊದಲು ನಿನಗೇನಾದರೂ ಹೇಳುವುದಿದ್ದರೆ ಪೂರ್ತಿ ಹೇಳು, ಇಲ್ಲವಾದರೆ ಬರೆಯಲೇಬೇಡ.

ಶಂಭುಲಿಂಗಪ್ಪ


ಅಣ್ಣಿಗೇರಿ
೩೦ ಜೂನ್ ೧೯೭೪, ರವಿವಾರ

ಗುರುಗಳಿಗೆ ಹೊಳೆಯಪ್ಪನ ನಮಸ್ಕಾರಗಳು.

ಈ ಇನ್‌ಲ್ಯಾಂಡ್ ಪತ್ರವನ್ನು ಅವ್ವ ಪೋಸ್ಟಿನಿಂದ ತಂದುಕೊಟ್ಟಳು. ಬರೆದು ಮುಗಿಸಿ ಅಂಟಿಸಿ ಸ್ಟೇಶನ್ನಿನ ಡಬ್ಬಿಗೆ ನಾನೇ ಹಾಕುತ್ತೇನೆ. ಇಷ್ಟು ದಿನ ನಾನು ಬರೆದದ್ದನ್ನೆಲ್ಲ ಚಹಾ ಕುಡಿಯಲು ಬಂದವರೂ ಓದಿದ್ದಾರೆ. ಅದರಲ್ಲಿ ಅವರ ತಪ್ಪಿಲ್ಲ, ಇಲ್ಲಿ ಕಾರ್ಡು ಎಂದರೆ ಎಲ್ಲರದೂ.

ಮದುವೆ ಯಾರದೂ ಇಲ್ಲ. ಜನ ಕಣ್ಣಾರೆ ಕಂಡದ್ದು ನೀವು ಕಳಿಸಿದ ಕಾರ್ಡನ್ನೇ.

ಅಂದು ನಾನು ಅಂಗಡಿಗೆ ಹೋಗುವುದಕ್ಕೆ ಮೊದಲೇ ಟಪಾಲು ಬಂದಿತ್ತು. ಹಜರತಅಲಿ ಕಾಕಾ ಅರಿಷಿಣ ಕಂಡು ಹೆಸರನ್ನೇ ಓದಲಿಲ್ಲವಂತೆ. ಅರಿಷಿಣದ ಕಾರ್ಡು ಹುಡುಗರ ಕೈಗೆ ಕೊಡುವಂಥದ್ದಲ್ಲ, ಹಿರಿಯರ ಕೈಗೇ ಮುಟ್ಟಬೇಕು ಎಂದು ಅಂಗಡಿಯನ್ನು ಮಗನಿಗೆ ಬಿಟ್ಟು, ಒಂದು ಮುಷ್ಟಿ ಸಕ್ಕರೆ ಕಟ್ಟಿಕೊಂಡು, ತಾನೇ ಹೊಲಕ್ಕೆ ನಡೆದು ಬಂದ. ದಾರಿಯಲ್ಲಿ ಸಿಕ್ಕವರಿಗೂ ಹೇಳಿದ. ಬಾಜೂ ಹೊಲದಲ್ಲಿ ಹಿಂಡು ಬಿಟ್ಟುಕೊಂಡಿರುವ ಸಣ್ಣಪ್ಪ ಕಾಕಾ ತನ್ನ ಮಂದಿಯೊಡನೆ ಬಂದ. ಅವ್ವ ಮುಖ ತೊಳೆದುಕೊಂಡು ಬಂದು ನಿಂತಳು. ಅಪ್ಪ ಕಂಬಳಿ ಹಾಸಿ ಎಲ್ಲರನ್ನೂ ಕೂಡ್ರಿಸಿ, ಓದರಿ ಅಂದ. ನಾನು ಟಗರಿನ ಗೊರಸು ನೋಡುತ್ತಿದ್ದೆ. ನನ್ನ ಹೆಸರು ಕೇಳಿಸಿದಾಗ ಎದ್ದು ಓಡಿದೆ. ಅಷ್ಟರಲ್ಲಿ ಓದುವುದು ಮುಗಿದಿತ್ತು.

ಲಗ್ನವಲ್ಲ, ಸಂದರ್ಶನ ಎಂದು ಎಲ್ಲರಿಗೂ ತಿಳಿಯಿತು. ಕೊನೆಗೆ ಸಣ್ಣಪ್ಪ ಕಾಕಾ, "ಬೀಗರು ಭಾಳ ದೊಡ್ಡ ಮಂದಿ ಅದಾರಪಾ ಕರಿಸಿದ್ದಾ, ವರನ್ನ ತಮ್ಮ ಮನಿಗೇ ಕರಕೊಳ್ಳಾಕತ್ತಾರ" ಅಂದ. ಎಲ್ಲರೂ ನಕ್ಕರು. ಅಪ್ಪನೂ ನಕ್ಕು ಸಕ್ಕರೆ ಹಂಚಿದ. ಮಂದಿ ಹೋದ ಮೇಲೆ ನನ್ನನ್ನು ಕರೆದು, "ಊರಿಗೆಲ್ಲಾ ಗೊತ್ತಾದ ಮ್ಯಾಲೆ ನನಗ ಗೊತ್ತಾಗಬೇಕೇನಲೇ?" ಎಂದು ಕೇಳಿದ. ಅಷ್ಟೇ. ಬಯ್ಯಲಿಲ್ಲ. ಅಂದಿನಿಂದ ನನ್ನೊಡನೆ ಕುರಿಗಳ ಮಾತು ಬಿಟ್ಟು ಬೇರೆ ಮಾತಾಡಿಲ್ಲ.

ನಾನು ಅವನಿಗೆ ಯಾಕೆ ಹೇಳಿರಲಿಲ್ಲ ಎಂಬುದನ್ನು ಈಗ ಹೇಳುತ್ತೇನೆ. ಇದನ್ನು ನೀವು ಮೈಲಾರವ್ವನಿಗೂ ಹೇಳಬಾರದು.

ಹೊತ್ತು ಮುಳುಗಿದ ಮೇಲೆ ಅಪ್ಪನಿಗೆ ಕಣ್ಣು ಕಾಣುವುದಿಲ್ಲ. ಹಗಲಿನಲ್ಲಿ ಎಲ್ಲವೂ ಕಾಣುತ್ತದೆ. ಬೆಳಕು ಇಳಿಯುತ್ತಿದ್ದಂತೆ ಮೊದಲು ದೂರದ್ದು, ಆಮೇಲೆ ಎದುರಿಗಿನದು ಹೋಗುತ್ತದೆ. ಚಳಿಗಾಲದಿಂದ ಹೀಗೆ. ನನಗೂ ಅವ್ವನಿಗೂ ಮಾತ್ರ ಗೊತ್ತು. ಯಾರಿಗೂ ತಿಳಿಯದಂತೆ ಅಪ್ಪ ಹೊತ್ತು ಮುಳುಗುವ ಮೊದಲೇ, ಕುರಿಗಳ ಸುತ್ತ ಕಟ್ಟಿದ ಬಲೆಯ ಹತ್ತಿರ ಒಂದು ಕಡೆ ಕೂತುಬಿಡುತ್ತಾನೆ. ಆಮೇಲೆ ಏಳುವುದಿಲ್ಲ. ಬಲೆಯ ಸುತ್ತ ತಿರುಗುವುದು, ಸಪ್ಪಳಾದರೆ ಓಡುವುದು ನಾನು. ಕೂತಲ್ಲಿಂದಲೇ ಅವನು ಗಂಟೆಯ ಸಪ್ಪಳ ಕೇಳಿ, ಹಿಂಡು ಎಷ್ಟು ಸರಿಯಿತು, ಯಾವ ಕಡೆ ಹೊರಳಿತು ಎಂದು ನನಗೆ ಕೂಗಿ ಹೇಳುತ್ತಾನೆ. ಕೇಳಿದವರು ಅವನೇ ಎಲ್ಲ ನೋಡಿಕೊಳ್ಳುತ್ತಿದ್ದಾನೆ ಎಂದುಕೊಳ್ಳುತ್ತಾರೆ. ನಿಮಗೆ ಗಂಟೆಯ ಸುದ್ದಿ ಬರೆದದ್ದು ಅದಕ್ಕೆ. ಕಾರ್ಡಿನಲ್ಲಿ ಅದಕ್ಕಿಂತ ಹೆಚ್ಚು ಬರೆಯಲು ಆಗುತ್ತಿರಲಿಲ್ಲ.

ನಾವು ನಿಂತ ಹೊಲದ ಬಾಜೂ ಹೆಸರುಕಾಳು ಬಿತ್ತಿದ್ದಾರೆ. ಒಂದು ಸಲ ಕುರಿಗಳು ನುಗ್ಗಿ ಮೇದರೆ ಸಾಕು, ಈ ಸೀಮೆಯಲ್ಲಿ ನಮ್ಮನ್ನು ಮತ್ತೆ ಯಾರೂ ಕರೆಯುವುದಿಲ್ಲ. ಕಾಣದವನು ಕಾವಲಿಗೆ ಕೂತಿದ್ದಾನೆಂದು ತಿಳಿದರೆ ಈಗಲೇ ಹೊಲ ಬಿಡಿಸುತ್ತಾರೆ. ಮಗಾ ಅದಾನ, ಚಿಂತಿ ಮಾಡಬ್ಯಾಡ್ರಿ ಎಂದು ಅಪ್ಪ ಹೊಲದವರಿಗೆ ಮಾತು ಕೊಟ್ಟಿದ್ದಾನೆ. ನನ್ನ ಎದುರೇ ಕೊಟ್ಟ. ನಾನು ಅಲ್ಲ ಅನ್ನಲಿಲ್ಲ.

ಎಪ್ರಿಲ್‌ನಲ್ಲಿ ಅರ್ಜಿ ತುಂಬಿದಾಗ ಇದೆಲ್ಲ ಗೊತ್ತಿತ್ತು. ಆದರೂ ತುಂಬಿದೆ. ಪಾಸಾಗದಿದ್ದರೆ ತಾನಾಗಿಯೇ ತೀರಿಹೋಗುತ್ತದೆ ಎಂದುಕೊಂಡಿದ್ದೆ. ಪಾಸಾದೆ. ಇಂಗ್ಲಿಷ್ ಪುಸ್ತಕವನ್ನು ದಿನಾಲೂ ಗಟ್ಟಿಯಾಗಿ ಓದುತ್ತಿದ್ದೇನೆ, ಕಾರ್ಡು ಬಂದ ಮೇಲೂ ಬಿಟ್ಟಿಲ್ಲ.

ಈಗ ನೀವು ಹೆಸರು ತೆಗೆಸಬಹುದು.

ನಿಮ್ಮ ವಿಧೇಯ
ಹೊಳೆಯಪ್ಪ


ಕಲಘಟಗಿ
೩ ಜುಲೈ ೧೯೭೪, ಬುಧವಾರ

ಚಿ. ಹೊಳೆಯಪ್ಪನಿಗೆ,

ನಿನ್ನ ಪತ್ರ ಇಂದು ಬೆಳಿಗ್ಗೆ ಬಂತು. ಹೆಸರು ತೆಗೆಸಿಲ್ಲ. ಮೊನ್ನೆ ಧಾರವಾಡಕ್ಕೆ ಹೊರಟವನು ಬಮ್ಮಿಗಟ್ಟಿಯಲ್ಲಿ ಬಸ್ಸು ಕೆಟ್ಟು ನಿಂತಾಗ ತಿರುಗಿ ಬಂದೆ. ಇನ್ನೊಂದು ಬಸ್ಸು ಬರುತ್ತದೆ ಎಂದು ಎಲ್ಲರೂ ಹೇಳಿದರು. ನಾನು ಕಾಯಲಿಲ್ಲ. ಯಾಕೆಂದು ಆಗ ನನಗೇ ಸರಿಯಾಗಿ ತಿಳಿದಿರಲಿಲ್ಲ.

೨೬ರ ಪತ್ರದಲ್ಲಿ ಬರೆದದ್ದಕ್ಕೆ ನೊಂದಿದ್ದೇನೆ. ನಿನ್ನ ಅಕ್ಷರಗಳನ್ನು ತಿದ್ದಿದವನು, ನೀನು ಬರೆಯದೆ ಬಿಟ್ಟದ್ದನ್ನು ಓದಲಿಲ್ಲ.

ನಿನಗೆ ಹೇಳದೆ ಉಳಿಸಿಕೊಂಡದ್ದು ನನ್ನ ಕಡೆಯಲ್ಲೂ ಒಂದಿದೆ. ವ್ಯವಸ್ಥಾಪಕರು ತಂದೆ ಒಪ್ಪಿದ್ದಾರೆಯೇ ಎಂದು ಕೇಳಿದಾಗ ನಾನು ಹೌದು ಎಂದೆ. ನಾನೇ ಅವರನ್ನು ಕಂಡು ಮಾತಾಡಿದ್ದೇನೆ, ಸಂತೋಷದಿಂದ ಒಪ್ಪಿದರು ಎಂದೂ ಸೇರಿಸಿದೆ. ನಿನ್ನ ತಂದೆಯವರನ್ನು ನಾನು ಒಮ್ಮೆಯೂ ಮಾತಾಡಿಸಿಲ್ಲ. ಹೌದು ಎನ್ನದಿದ್ದರೆ ಅರ್ಜಿಯನ್ನು ಅಲ್ಲೇ ತಿರುಗಿ ಕೊಡುತ್ತಿದ್ದರು. ೧೧ರ ಗುರುವಾರ ಅವರು ನಿನ್ನ ತಂದೆಯವರನ್ನು ಎದುರಿಗೆ ಕೂಡ್ರಿಸಿಕೊಂಡು ಕೇಳಿದರೆ ನನ್ನ ಸುಳ್ಳು ಹೊರಬೀಳುತ್ತದೆ. ಬೀಳಲಿ. ಆದರೆ ಅದರಿಂದ ನಿನ್ನ ಜಾಗ ಹೋಗಬಾರದು ಎಂಬುದೇ ನನ್ನ ಹೆದರಿಕೆ. ನಾನು ಮೊದಲೇ ಹೋಗಿ ನಿಜ ಹೇಳಿದರೆ ನಿನ್ನ ಹೆಸರು ಅಂದೇ ಹೋಗುತ್ತದೆ. ಹೇಳದಿದ್ದರೆ ನಿನ್ನ ತಂದೆಯವರು ನನ್ನ ಸುಳ್ಳನ್ನು ಹೊತ್ತುಕೊಂಡು ಅಲ್ಲಿ ಕೂಡಬೇಕು. ಎರಡರಲ್ಲಿ ಯಾವುದನ್ನೂ ಆರಿಸಲು ನನ್ನಿಂದ ಆಗುತ್ತಿಲ್ಲ.

ಒಂದು ವರ್ಷ ಬಿಟ್ಟು ಸೇರಬಹುದು ಎಂದು ನೀನು ಯೋಚಿಸಬಹುದು. ಕಾಲೇಜಿನಲ್ಲಿ ಆದೀತು. ವಿದ್ಯಾರ್ಥಿನಿಲಯದಲ್ಲಿ ಆಗುವುದಿಲ್ಲ, ಅವರು ಆ ವರ್ಷ ಪಾಸಾದವರನ್ನೇ ತೆಗೆದುಕೊಳ್ಳುತ್ತಾರೆ. ಇದನ್ನು ಕೇಳಿಯೇ ಬಂದಿದ್ದೇನೆ.

ಕಣ್ಣಿನ ವಿಷಯದಲ್ಲಿ ನಾನು ಹೇಳಲಾರೆ. ಇಂಥದು ಕೆಲವರಿಗೆ ಔಷಧದಿಂದ ವಾಸಿಯಾಗುತ್ತದೆ, ಕೆಲವರಿಗೆ ಆಗುವುದಿಲ್ಲ ಎಂದು ಕೇಳಿದ್ದೇನೆ. ಹುಬ್ಬಳ್ಳಿಯಲ್ಲಿ ಕಣ್ಣಿನ ಡಾಕ್ಟರಿದ್ದಾರೆ. ನೀನು ಧಾರವಾಡಕ್ಕೆ ಬಂದರೂ ಬರದಿದ್ದರೂ ಅವರಿಗೆ ತೋರಿಸಲೇಬೇಕು.

ಈ ಪತ್ರವನ್ನು ನಿನ್ನ ತಂದೆಯವರಿಗೆ ನೀನೇ ಓದಿ ಹೇಳು. ಏನನ್ನೂ ಬಿಡಬೇಡ. ನನ್ನ ಸುಳ್ಳಿನ ಮಾತನ್ನಂತೂ ಬಿಡಲೇಬೇಡ. ಅವರು ಬೇಡ ಎಂದರೆ ಅದೇ ಕೊನೆ. ಗುರುವಾರ ಬೆಳಿಗ್ಗೆ ನಾನು ಧಾರವಾಡದ ಬಸ್‌ಸ್ಟ್ಯಾಂಡಿನಲ್ಲಿರುತ್ತೇನೆ. ನೀವು ಬರದಿದ್ದರೆ ಒಬ್ಬನೇ ಹೋಗಿ ಹೇಳಬೇಕಾದ್ದನ್ನು ಹೇಳಿ ಬರುತ್ತೇನೆ.

ಶಂಭುಲಿಂಗಪ್ಪ


ಅಣ್ಣಿಗೇರಿ
೭ ಜುಲೈ ೧೯೭೪, ರವಿವಾರ

ಗುರುಗಳಿಗೆ ಹೊಳೆಯಪ್ಪನ ನಮಸ್ಕಾರಗಳು.

ನಿಮ್ಮ ಪತ್ರ ನಿನ್ನೆ ಸಿಕ್ಕಿತು. ಹಜರತಅಲಿ ಕಾಕಾ ಅದನ್ನು ಸಕ್ಕರೆ ಡಬ್ಬಿಯ ಹಿಂದೆ ಬಚ್ಚಿಟ್ಟಿದ್ದ. ನನ್ನ ಕೈಗೆ ಕೊಟ್ಟು, "ಇದು ಲಗ್ನದ್ದಲ್ಲ ಹೌದಲ್ಲೋ ತಮ್ಮಾ? ಇನ್ನ ಮ್ಯಾಲೆ ಬಂಗಾರದ ನೀರ ಹಚ್ಚಿ ಬಂದ್ರೂ ನಾ ಮುಟ್ಟೂದಿಲ್ಲ" ಅಂದ. ಅವನಿಗೂ ಅಂದಿನಿಂದ ಸಮಾಧಾನವಿಲ್ಲ.

ಓದಲು ರಾತ್ರಿಯವರೆಗೆ ಕಾಯೋಣವೆಂದಿದ್ದೆ. ಅಪ್ಪ ಕೇಳಲಿಲ್ಲ. ಇನ್ನೂ ಬಿಸಿಲಿರುವಾಗಲೇ ಕರೆದು ಎದುರಿಗೆ ಕೂಡ್ರಿಸಿಕೊಂಡು, "ನಿನ್ನ ಮುಖಾ ಕಾಣೂತನಕ ಓದು" ಅಂದ. ಓದಿದೆ. ನೀವು ಹೇಳಿದಂತೆ ಏನನ್ನೂ ಬಿಡಲಿಲ್ಲ. ಕಣ್ಣಿನ ವಿಷಯ ನಿಮಗೆ ಬರೆದೆನೆಂಬುದೂ ಅವನಿಗೆ ಹೀಗೆ ತಿಳಿಯಿತು. ಅದಕ್ಕೆ ಸಿಟ್ಟಾಗುತ್ತಾನೆ ಎಂದು ನಿಲ್ಲಿಸಿದೆ. ಮುಂದೆ ಓದು ಎಂದು ಕೈ ಮಾಡಿದ.

ನಿಮ್ಮ ಸುಳ್ಳಿನ ಮಾತು ಬಂದಾಗ ಎರಡು ಸಲ ಓದಿಸಿದ. ಎಲ್ಲ ಮುಗಿದ ಮೇಲೆ, "ನಿಮ್ಮ ಮಾಸ್ತರ ನನ್ನ ಕೇಳದನ ನನ್ನ ಒಪ್ಪಿಸಿ ಬಂದಾರ. ಸಂತೋಷದಿಂದ ಬ್ಯಾರೆ" ಅಂದ. ಅವ್ವ ನಕ್ಕಳು. ಅಪ್ಪ ನಗಲಿಲ್ಲ. ನೀನೂ ಕೇಳಲಿಲ್ಲ, ಅವರೂ ಕೇಳಲಿಲ್ಲ, ಕಣ್ಣು ಹೋದರೆ ಕಿವಿಯೂ ಹೋಗುತ್ತದೇನು ಎಂದು ಕೇಳಿದ.

ದಿನಾ ಹೊಲದಲ್ಲಿ ಒದರುತ್ತಿರುವುದು ಏನು ಎಂದು ಆಮೇಲೆ ಕೇಳಿದ. ಇಂಗ್ಲಿಷ್ ಅಂದೆ. ಕಾರ್ಡು ಬಂದ ಮೇಲೂ ಅದನ್ನು ಬಿಡಲಿಲ್ಲವಲ್ಲ, ನಿನಗೆ ಓದುವ ಮನಸ್ಸಿದೆ ಎಂದು ಅಂದೇ ನನಗೆ ತಿಳಿಯಿತು, ನೀನಾಗಿ ಹೇಳುತ್ತೀ ಎಂದು ಕಾದೆ ಅಂದ.

ಇವತ್ತು ಬೆಳಿಗ್ಗೆ ಅಪ್ಪ ಹೇಳಿದ್ದನ್ನು ಹಾಗೆಯೇ ಬರೆಯುತ್ತೇನೆ. ನಮ್ಮ ಹಿಂಡನ್ನು ಸಣ್ಣಪ್ಪ ಕಾಕಾನ ಹಿಂಡಿನೊಳಗೆ ಕೂಡಿಸುವುದು. ಅವರಲ್ಲಿ ರಾತ್ರಿಯ ಕಾವಲಿಗೆ ಆಳುಗಳಿದ್ದಾರೆ. ಅಪ್ಪ ಹಗಲಿನಲ್ಲಿ ಕಾಯುತ್ತಾನೆ, ಅವ್ವ ಮರಿಗಳನ್ನು ನೋಡಿಕೊಳ್ಳುತ್ತಾಳೆ. ಇನ್ನು ಮೇಲೆ ಯಾವ ಹೊಲಕ್ಕೆ ಹೋಗುವುದು, ಯಾವ ದಿನ ಹೊಲ ಬಿಟ್ಟು ಏಳುವುದು ಎಂಬುದೆಲ್ಲ ಸಣ್ಣಪ್ಪ ಕಾಕಾ ಹೇಳಿದಂತೆ. ಇಷ್ಟು ವರ್ಷ ಅಪ್ಪ ಇನ್ನೊಬ್ಬರ ಹಿಂಡಿನ ಹಿಂದೆ ನಡೆದವನಲ್ಲ. ಕೂಡಿಸಬೇಕಾದರೆ ಕಣ್ಣಿನ ವಿಷಯವನ್ನು ಸಣ್ಣಪ್ಪ ಕಾಕಾನಿಗೆ ಹೇಳಲೇಬೇಕು. ನಾನೇ ಹೇಳುತ್ತೇನೆ, ನೀನು ನಡುವೆ ಬಾಯಿ ಹಾಕಬೇಡ ಅಂದ.

ಬುಧವಾರ ನಾವಿಬ್ಬರೂ ಹುಬ್ಬಳ್ಳಿಯ ಕಣ್ಣಿನ ಡಾಕ್ಟರ ಹತ್ತಿರ ಹೋಗುವುದು, ಗುರುವಾರ ಧಾರವಾಡಕ್ಕೆ ಬರುವುದು ಎಂದಾಗಿದೆ. ನೀವು ಮೊದಲೇ ಹೋಗಿ ಏನನ್ನೂ ಹೇಳಬಾರದಂತೆ. ಅಪ್ಪನ ಮಾತು ಇದು: "ಸುಳ್ಳ ಹೇಳಂದ್ರ ನಾ ಹೇಳಾಂವಲ್ಲ. ಅವತ್ತ ಒಪ್ಪಿದ್ದಿಲ್ಲರಿ, ನನಗ ಯಾರೂ ಕೇಳಿದ್ದಿಲ್ಲ. ಈಗ ಕೇಳ್ರಿ, ಹೇಳತೇನಿ ಅಂತೀನಿ. ಅದಕ್ಕ ಅವರು ನಿನ್ನ ತಗೊಳ್ಳದಿದ್ರ ತಿರುಗಿ ಬರೂಣು. ಆದ್ರ ಹೋಗೂಣು." ನೀವೂ ಜೊತೆಯಲ್ಲಿ ಒಳಗೆ ಬರಬೇಕಂತೆ.

ಇದನ್ನೆಲ್ಲ ಕೇಳಿ ನಾನು ಬೇಡ ಅನ್ನಬೇಕಿತ್ತೋ ಏನೋ. ಅನ್ನಲಿಲ್ಲ. ಇದು ನಿಮಗೆ ಗೊತ್ತಿರಲಿ. ನನಗೆ ಸಂತೋಷವಾಗಿದೆ ಎಂದು ಬರೆಯಲು ಆಗುವುದಿಲ್ಲ. ಅವರು ನಮ್ಮನ್ನು ತಿರುಗಿ ಕಳಿಸಿಬಿಟ್ಟರೆ ಅಪ್ಪ ಹಿಂಡನ್ನೂ ಬಿಟ್ಟುಕೊಟ್ಟಂತಾಯಿತು, ಕಣ್ಣಿನ ಸುದ್ದಿಯನ್ನೂ ಹೊರಹಾಕಿದಂತಾಯಿತು. ಅದಕ್ಕಾಗಿ ಮೊದಲು ಧಾರವಾಡಕ್ಕೆ ಹೋಗಿ ಬರೋಣ, ಆಮೇಲೆ ಕೂಡಿಸೋಣ ಅಂದೆ. ಅಪ್ಪ ಒಪ್ಪಲಿಲ್ಲ. ಹಿಂಡಿಗೆ ಏನು ವ್ಯವಸ್ಥೆ ಮಾಡಿದ್ದೀ ಎಂದು ಅವರು ಕೇಳಿಯೇ ಕೇಳುತ್ತಾರೆ, ಮಾಡುತ್ತೇನೆ ಎಂದರೆ ನಂಬುವುದಿಲ್ಲ, ಮಾಡಿದ್ದೇನೆ ಎನ್ನಬೇಕು ಅಂದ.

ಸಣ್ಣಪ್ಪ ಕಾಕಾನಿಗೆ ಇನ್ನೂ ಹೇಳಿಲ್ಲ. ನಾಳೆ ಬೆಳಿಗ್ಗೆ ಹೇಳುವುದು. ಎರಡು ಹಿಂಡು ಕೂಡಿದಾಗ ಒಂದೇ ಗಂಟೆ ಇರಬೇಕು, ಇಲ್ಲವಾದರೆ ಕುರಿಗಳು ಎರಡು ದಿಕ್ಕಿಗೆ ನಡೆಯುತ್ತವೆ. ಹೊರಗಿನಿಂದ ಬಂದವರು ತಮ್ಮದನ್ನು ಬಿಚ್ಚುವುದು ರೂಢಿ. ನಮ್ಮ ಟಗರಿನ ಗಂಟೆಯನ್ನೂ ನಾಳೆಯೇ ಬಿಚ್ಚಬೇಕು.

ಈಗ ಹೊತ್ತು ಮುಳುಗುತ್ತಿದೆ. ಅಪ್ಪ ಬಲೆಯ ಹತ್ತಿರ ಬಂದು ಕೂತಿದ್ದಾನೆ. ಟಗರಿನ ಕೊರಳಲ್ಲಿ ಗಂಟೆ ಹಾಗೆಯೇ ಇದೆ. ಅದು ತಿರುಗಿದ ಕಡೆಗೆಲ್ಲ ಅಪ್ಪನ ಮುಖವೂ ತಿರುಗುತ್ತಿದೆ.

ನಿಮ್ಮ ವಿಧೇಯ
ಹೊಳೆಯಪ್ಪ